ಉದ್ಯಮ ಪರರಾಜ್ಯಕ್ಕೆ ಹೋದಾಗ ಪರವಾನಗಿಗಳ ಗತಿಯೇನು?

ಪೀಣ್ಯದಿಂದ ಹೊಸೂರಿಗೆ, ನಿಪ್ಪಾಣಿಯಿಂದ ಕಾಗಲ್‌ಗೆ, ಬಳ್ಳಾರಿಯಿಂದ ಅನಂತಪುರಕ್ಕೆ ಸಣ್ಣ ಘಟಕಗಳು ಸ್ಥಳಾಂತರಗೊಳ್ಳುವುದು ಹೊಸ ಸಂಗತಿಯೇನಲ್ಲ. ಬಾಡಿಗೆಯ ಹೊರೆ, ಕಾರ್ಮಿಕರ ಕೊರತೆ, ಪ್ರಮುಖ ಗ್ರಾಹಕನ ಸಾಮೀಪ್ಯ, ಕುಟುಂಬದಲ್ಲಿನ ಪಾಲು ವಿಭಾಗ ಹೀಗೆ ಕಾರಣಗಳು ಹಲವಾರು. ನಿರ್ಧಾರ ಕೈಗೊಂಡ ಉದ್ದಿಮೆದಾರರು ತಮ್ಮ ಲೆಕ್ಕಪರಿಶೋಧಕರಲ್ಲಿ ಕೇಳುವ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇಲ್ಲಿನ ಲೈಸೆನ್ಸುಗಳನ್ನು ಅಲ್ಲಿಗೆ ವರ್ಗಾಯಿಸಲು ಎಷ್ಟು ದಿನ ಬೇಕು?

ಈ ಪ್ರಶ್ನೆಯ ಹಿಂದೆಯೇ ಒಂದು ತಪ್ಪು ಗ್ರಹಿಕೆ ಅಡಗಿದೆ. ಬಹುತೇಕ ಪರವಾನಗಿಗಳು ಗಡಿ ದಾಟಿ ವರ್ಗವಾಗುವುದೇ ಇಲ್ಲ. ಹಳೆಯ ರಾಜ್ಯದಲ್ಲಿ ರದ್ದುಪಡಿಸಿ, ಹೊಸ ರಾಜ್ಯದಲ್ಲಿ ಹೊಸದಾಗಿ ಪಡೆಯಬೇಕು. ಆದರೆ ಇವೆರಡರಲ್ಲಿ ಯಾವುದು ಮೊದಲು, ಯಾವುದು ನಂತರ ಎಂಬುದರ ಮೇಲೆ ಲಕ್ಷಾಂತರ ರೂಪಾಯಿಗಳ ಲಾಭನಷ್ಟ ನಿಂತಿದೆ. ಲಾರಿ ಹೊರಟ ಮೇಲೆ ಸಲಹೆ ಕೇಳಲು ಬರುವವರೇ ಹೆಚ್ಚು ಎಂಬುದು ವಿಷಾದದ ಸಂಗತಿ.

ಪರವಾನಗಿಗಳನ್ನು ಅವು ಯಾವುದಕ್ಕೆ ಅಂಟಿಕೊಂಡಿವೆ ಎಂಬುದರ ಮೇಲೆ ವಿಂಗಡಿಸಿಕೊಂಡರೆ ಗೊಂದಲ ಅರ್ಧ ಕಡಿಮೆಯಾಗುತ್ತದೆ. ಕೆಲವು ಉದ್ಯಮದ ಪ್ಯಾನ್ ಸಂಖ್ಯೆಗೆ ಸೇರಿದವು. ಕೆಲವು ಸ್ಥಳಕ್ಕೆ ಸೇರಿದವು. ಇನ್ನು ಕೆಲವು ವ್ಯಕ್ತಿಯ ವಿದ್ಯಾರ್ಹತೆಗೆ ಸೇರಿದವು.

ಪ್ಯಾನ್ ಆಧಾರಿತವಾದವು ಉದ್ಯಮದೊಡನೆ ಸಾಗುತ್ತವೆ. ಆಮದು ರಫ್ತು ಸಂಕೇತ ಸಂಖ್ಯೆ, ಸಣ್ಣ ಕೈಗಾರಿಕೆಗಳ ಉದ್ಯಮ್ ನೋಂದಣಿ ಈ ವರ್ಗದವು. ಇವುಗಳಲ್ಲಿ ವಿಳಾಸವನ್ನು ತಿದ್ದುಪಡಿ ಮಾಡಿಸಿದರೆ ಸಾಕು. ಒಂದು ಉದ್ಯಮಕ್ಕೆ ಒಂದೇ ಉದ್ಯಮ್ ನೋಂದಣಿ ಎಂಬುದು ನಿಯಮವಾದ್ದರಿಂದ ಹೊಸ ಊರಿನ ಹೆಸರಿನಲ್ಲಿ ಎರಡನೆಯದನ್ನು ಪಡೆಯಲು ಹೋಗಬಾರದು. ಟ್ರೇಡ್‌ಮಾರ್ಕ್ ದೇಶದಾದ್ಯಂತ ಊರ್ಜಿತವಾದದ್ದು. ಅಲ್ಲಿಯೂ ವಿಳಾಸ ಬದಲಾವಣೆಯಷ್ಟೇ ಬೇಕಾಗುವುದು.

ಸ್ಥಳಕ್ಕೆ ಸೇರಿದವುಗಳ ಪಟ್ಟಿ ದೊಡ್ಡದು. ನಗರಸಭೆ ಅಥವಾ ಗ್ರಾಮ ಪಂಚಾಯಿತಿಯ ವ್ಯಾಪಾರ ಪರವಾನಗಿ, ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ ನೋಂದಣಿ, ಕಾರ್ಖಾನೆ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ, ಔಷಧ ಮಾರಾಟ ಪರವಾನಗಿ, ಆಹಾರ ಸುರಕ್ಷತಾ ಪರವಾನಗಿ ಇವೆಲ್ಲವೂ ನಿರ್ದಿಷ್ಟ ಕಟ್ಟಡಕ್ಕೆ ಕೊಟ್ಟವು. ಇವುಗಳಲ್ಲಿ ಮಾಲಿನ್ಯ ಮಂಡಳಿಯ ಸಮ್ಮತಿಗೆ ಎರಡು ಹಂತಗಳಿವೆ. ಘಟಕ ಸ್ಥಾಪನೆಗೆ ಮುನ್ನ ಒಂದು, ಉತ್ಪಾದನೆ ಆರಂಭಿಸುವ ಮುನ್ನ ಇನ್ನೊಂದು. ಶೆಡ್ ಕಟ್ಟಿ ಯಂತ್ರ ಕೂರಿಸಿದ ಮೇಲೆ ಮೊದಲ ಹಂತದ ಅರ್ಜಿ ಹಾಕುವುದು ತೊಂದರೆಗೆ ಆಹ್ವಾನವಿತ್ತಂತೆ.

ಆಹಾರ ತಯಾರಕರು ಮತ್ತೊಂದು ಸಂಗತಿಯನ್ನು ಮರೆಯುತ್ತಾರೆ. ಅವರ ಹದಿನಾಲ್ಕು ಅಂಕಿಗಳ ಪರವಾನಗಿ ಸಂಖ್ಯೆ ಪ್ರತಿ ಪೊಟ್ಟಣದ ಮೇಲೆ ಮುದ್ರಣವಾಗಿರುತ್ತದೆ. ಪೊಟ್ಟಣ ಪದಾರ್ಥಗಳ ನಿಯಮಗಳ ಪ್ರಕಾರ ತಯಾರಕರ ಹೆಸರು ಮತ್ತು ವಿಳಾಸವೂ ಇರಬೇಕು. ಹೊಸ ರಾಜ್ಯದ ಘಟಕದಲ್ಲಿ ತಯಾರಾದ ಚಕ್ಕುಲಿಯನ್ನು ಹಳೆಯ ಸಂಖ್ಯೆ, ಹಳೆಯ ವಿಳಾಸವಿರುವ ಪೊಟ್ಟಣದಲ್ಲಿ ಮಾರುವುದು ಅಪರಾಧ. ಆರು ತಿಂಗಳಿಗೆ ಸಾಲುವಷ್ಟು ಪೊಟ್ಟಣಗಳನ್ನು ಒಮ್ಮೆಗೇ ಮುದ್ರಿಸಿಟ್ಟುಕೊಳ್ಳುವ ಅಭ್ಯಾಸವಿರುವವರು ಸ್ಥಳಾಂತರದ ಯೋಚನೆ ಬಂದ ದಿನವೇ ಮುದ್ರಣಾಲಯಕ್ಕೆ ಹೇಳಿ ನಿಲ್ಲಿಸುವುದು ಕ್ಷೇಮ.

ವ್ಯಕ್ತಿಗೆ ಸೇರಿದ ಪರವಾನಗಿಗಳಲ್ಲಿ ವರ್ತಕರಿಗೆ ಪರಿಚಿತವಾದದ್ದು ಔಷಧ ವ್ಯಾಪಾರದ ಫಾರ್ಮಸಿಸ್ಟ್ ನೋಂದಣಿ. 1948ರ ಫಾರ್ಮಸಿ ಕಾಯ್ದೆಯಡಿ ಈ ನೋಂದಣಿ ರಾಜ್ಯದ ಪರಿಷತ್ತಿನದು. ಆದರೆ ಒಂದು ರಾಜ್ಯದಲ್ಲಿ ನೋಂದಾಯಿತನಾದ ಫಾರ್ಮಸಿಸ್ಟ್ ಮತ್ತೊಂದು ರಾಜ್ಯದಲ್ಲಿ ನೆಲೆಸಿದರೆ ಅಥವಾ ಅಲ್ಲಿ ವೃತ್ತಿ ನಡೆಸಿದರೆ, ಶುಲ್ಕ ಸಲ್ಲಿಸಿ ಅಲ್ಲಿನ ದಾಖಲೆ ಪುಸ್ತಕದಲ್ಲಿ ಹೆಸರು ಸೇರಿಸಿಕೊಳ್ಳುವ ಹಕ್ಕನ್ನು ಅದೇ ಕಾಯ್ದೆ ಕೊಟ್ಟಿದೆ. ಅಂದರೆ ಫಾರ್ಮಸಿಸ್ಟ್ ಗಡಿ ದಾಟಬಲ್ಲ, ಆತನ ಅಂಗಡಿಯ ಪರವಾನಗಿ ದಾಟಲಾರದು. ಇತರ ದೇಶಗಳಲ್ಲಿ ಈ ವರ್ಗದ ಪರವಾನಗಿಗಳು ಇನ್ನೂ ವ್ಯಾಪಕ. ಅಮೆರಿಕದಲ್ಲಿ ಉಗುರು ಅಲಂಕಾರದ ಕಸುಬಿನವರಿಗೂ ರಾಜ್ಯ ಸರ್ಕಾರದ ಪರವಾನಗಿ ಬೇಕು. ಅದಕ್ಕೆ ನ್ಯೂಯಾರ್ಕ್‌ನಲ್ಲಿ 250 ಗಂಟೆ, ಕ್ಯಾಲಿಫೋರ್ನಿಯಾದಲ್ಲಿ 400 ಗಂಟೆ, ಟೆಕ್ಸಾಸ್‌ನಲ್ಲಿ 600 ಗಂಟೆಗಳ ತರಬೇತಿ ನಿಗದಿಯಾಗಿದ್ದು, ಕಡಿಮೆ ಗಂಟೆಯ ರಾಜ್ಯದಿಂದ ಹೆಚ್ಚು ಗಂಟೆಯ ರಾಜ್ಯಕ್ಕೆ ಹೋಗುವವರಿಗೆ ತೊಡಕು ತಪ್ಪಿದ್ದಲ್ಲ. ನಮ್ಮಲ್ಲಿ ಬ್ಯೂಟಿ ಪಾರ್ಲರ್ ನಡೆಸುವವರಿಗೆ ಬೇಕಾದದ್ದು ಅಂಗಡಿಯ ಪರವಾನಗಿಯೇ ಹೊರತು ಕಸುಬಿನದಲ್ಲ. ಹೀಗಾಗಿ ಸ್ಥಳದ ನಿಯಮವೇ ಅವರಿಗೂ ಅನ್ವಯಿಸುತ್ತದೆ.

ಜಿಎಸ್‌ಟಿ: ಹೊಸದು ಮೊದಲು, ಹಳೆಯದು ಕೊನೆಗೆ

ನಿಜವಾದ ಹಣದ ಪ್ರಶ್ನೆ ಇರುವುದು ಜಿಎಸ್‌ಟಿ ನೋಂದಣಿಯಲ್ಲಿ. ದೇಶಕ್ಕೆಲ್ಲ ಒಂದೇ ತೆರಿಗೆ ಎಂಬ ಘೋಷಣೆಯನ್ನು ಕೇಳಿದ ವರ್ತಕರು ನೋಂದಣಿಯೂ ಒಂದೇ ಎಂದು ಭಾವಿಸಿದ್ದರೆ ಆಶ್ಚರ್ಯವಿಲ್ಲ. ವಾಸ್ತವದಲ್ಲಿ ಸರಕು ಪೂರೈಕೆ ಯಾವ ರಾಜ್ಯದಿಂದ ಆಗುತ್ತದೆಯೋ ಆ ರಾಜ್ಯದಲ್ಲಿ ಪ್ರತ್ಯೇಕ ನೋಂದಣಿ ಬೇಕು. ಹದಿನೈದು ಅಂಕಿಗಳ ಸಂಖ್ಯೆಯ ಮೊದಲ ಎರಡು ಅಂಕಿಗಳೇ ರಾಜ್ಯವನ್ನು ಸೂಚಿಸುತ್ತವೆ. ಕರ್ನಾಟಕಕ್ಕೆ 29, ತಮಿಳುನಾಡಿಗೆ 33, ಮಹಾರಾಷ್ಟ್ರಕ್ಕೆ 27. ರಾಜ್ಯದೊಳಗೇ ಸ್ಥಳ ಬದಲಾದರೆ 15 ದಿನಗಳೊಳಗೆ ತಿದ್ದುಪಡಿ ಅರ್ಜಿ ಸಲ್ಲಿಸಿದರೆ ಸಾಕು. ರಾಜ್ಯವೇ ಬದಲಾದರೆ ತಿದ್ದುಪಡಿಗೆ ಅವಕಾಶವಿಲ್ಲ.

ಒಂದೇ ಪ್ಯಾನ್ ಇದ್ದರೂ ಎರಡು ರಾಜ್ಯಗಳ ನೋಂದಣಿಗಳನ್ನು ಕಾನೂನು ಇಬ್ಬರು ಭಿನ್ನ ವ್ಯಕ್ತಿಗಳೆಂದೇ ಪರಿಗಣಿಸುತ್ತದೆ. ಹೀಗಾಗಿ ಹಳೆಯ ನೋಂದಣಿಯ ಕ್ರೆಡಿಟ್ ಲೆಡ್ಜರಿನಲ್ಲಿರುವ ಇನ್‌ಪುಟ್ ತೆರಿಗೆ ಜಮೆಯನ್ನು ಹೊಸ ರಾಜ್ಯದ ಲೆಡ್ಜರಿಗೆ ನೇರವಾಗಿ ವರ್ಗಾಯಿಸಲು ಯಾವ ನಮೂನೆಯೂ ಇಲ್ಲ. ಆದರೆ ಆ ಜಮೆ ಸರಕಿನ ಜೊತೆಗೆ ಪ್ರಯಾಣ ಮಾಡಬಲ್ಲದು. ಹೇಗೆಂಬುದನ್ನು ಉದಾಹರಣೆಯಿಂದ ನೋಡೋಣ.

ಪೀಣ್ಯದ ಯಂತ್ರಭಾಗಗಳ ತಯಾರಕರೊಬ್ಬರು ಹೊಸೂರಿಗೆ ಹೋಗುತ್ತಿದ್ದಾರೆಂದು ಭಾವಿಸಿ. ಅವರ ಬಳಿ 20 ಲಕ್ಷ ರೂ. ಮೌಲ್ಯದ ದಾಸ್ತಾನಿದೆ. ಅದರ ಮೇಲೆ ಶೇ. 18ರಂತೆ 3.60 ಲಕ್ಷ ರೂ. ಜಮೆ ಪಡೆದಿದ್ದಾರೆ. ಎರಡು ವರ್ಷಗಳ ಹಿಂದೆ 10 ಲಕ್ಷಕ್ಕೆ ಕೊಂಡ ಯಂತ್ರದ ಮೇಲೆ 1.80 ಲಕ್ಷ ರೂ. ಜಮೆ ಪಡೆದಿದ್ದಾರೆ. ಲೆಡ್ಜರಿನಲ್ಲಿ ಉಳಿದಿರುವ ಜಮೆ 5 ಲಕ್ಷ ರೂ.

ಇವರು ಮೊದಲು ಹಳೆಯ ನೋಂದಣಿಯನ್ನು ರದ್ದುಪಡಿಸಿದರೆ, ಕೈಯಲ್ಲಿರುವ ದಾಸ್ತಾನಿನ ಮೇಲೆ ಪಡೆದ ಜಮೆ ಅಥವಾ ಆ ಸರಕಿನ ಮೇಲೆ ಕೊಡಬೇಕಾದ ತೆರಿಗೆ, ಯಾವುದು ಹೆಚ್ಚೋ ಅದನ್ನು ಹಿಂದಿರುಗಿಸಬೇಕು. ಅದು ಕನಿಷ್ಠ 3.60 ಲಕ್ಷ. ಯಂತ್ರದ ಆಯುಷ್ಯವನ್ನು 60 ತಿಂಗಳೆಂದು ಗಣಿಸಿ, ಉಳಿದ 36 ತಿಂಗಳಿಗೆ ಕನಿಷ್ಠ 1.08 ಲಕ್ಷ ಹಿಂದಿರುಗಿಸಬೇಕು. ಒಟ್ಟು 4.68 ಲಕ್ಷ ಲೆಡ್ಜರಿನಿಂದ ಕಳೆಯಿತು. ಉಳಿದ 32 ಸಾವಿರ ಅಲ್ಲಿಯೇ ಉಳಿಯಿತು. ಬಳಕೆಯಾಗದ ಜಮೆಯ ಮರುಪಾವತಿಯನ್ನು ಕಾಯ್ದೆ ಹೇಳುವುದು ರಫ್ತು ಮೊದಲಾದ ಶೂನ್ಯ ದರದ ಪೂರೈಕೆಗೆ ಮತ್ತು ಕಚ್ಚಾವಸ್ತುವಿನ ದರ ಸಿದ್ಧವಸ್ತುವಿನ ದರಕ್ಕಿಂತ ಹೆಚ್ಚಿರುವ ಸಂದರ್ಭಕ್ಕೆ ಮಾತ್ರ. ನ್ಯಾಯಾಲಯದ ಮೆಟ್ಟಿಲೇರುವ ದಾರಿ ಇದ್ದೇ ಇದೆಯಾದರೂ 32 ಸಾವಿರಕ್ಕಾಗಿ ಯಾರು ಏರುತ್ತಾರೆ? ಅತ್ತ ಹೊಸೂರಿನಲ್ಲಿ ಅದೇ ಸರಕನ್ನು ಮಾರುವಾಗ ಪೂರ್ಣ ತೆರಿಗೆಯನ್ನು ಕೈಯಿಂದ ಕಟ್ಟಬೇಕು.

ಕ್ರಮ ತಿರುಗಿಸಿದರೆ ಚಿತ್ರವೇ ಬೇರೆ. ಮೊದಲು ಹೊಸೂರಿನ ಬಾಡಿಗೆ ಕರಾರು ಮತ್ತು ವಿದ್ಯುತ್ ಬಿಲ್ಲಿನ ಆಧಾರದ ಮೇಲೆ ತಮಿಳುನಾಡಿನಲ್ಲಿ ನೋಂದಣಿ ಪಡೆಯುತ್ತಾರೆ. ಸ್ಥಳ ಪರಿಶೀಲನೆಗೆ ಒಳಪಟ್ಟರೆ ಇದಕ್ಕೆ ಒಂದು ತಿಂಗಳವರೆಗೂ ಹಿಡಿಯಬಹುದಾದ್ದರಿಂದ ಅಷ್ಟು ಅವಧಿಗೆ ಎರಡೂ ಕಡೆ ಬಾಡಿಗೆ ತೆರಲು ಸಿದ್ಧರಿರಬೇಕು. ನಂತರ 29ರ ನೋಂದಣಿಯಿಂದ 33ರ ನೋಂದಣಿಗೆ ದಾಸ್ತಾನನ್ನು 20 ಲಕ್ಷಕ್ಕೆ, ಯಂತ್ರವನ್ನು 7 ಲಕ್ಷಕ್ಕೆ ತೆರಿಗೆ ಇನ್‌ವಾಯ್ಸ್ ಮಾಡಿ ಕಳುಹಿಸುತ್ತಾರೆ. ಹಣದ ವಿನಿಮಯ ಇಲ್ಲದಿದ್ದರೂ ಇದು ಪೂರೈಕೆಯೇ. ಇದರ ಮೇಲೆ ಐಜಿಎಸ್‌ಟಿ 4.86 ಲಕ್ಷ. ಅದನ್ನು ಹಳೆಯ ಜಮೆಯಿಂದಲೇ ತೀರಿಸಬಹುದು. ಮೊದಲು ಐಜಿಎಸ್‌ಟಿ ಜಮೆ, ಬಳಿಕ ಕೇಂದ್ರದ ಜಮೆ, ಅದು ಮುಗಿದ ಮೇಲೆ ರಾಜ್ಯದ ಜಮೆಯನ್ನೂ ಐಜಿಎಸ್‌ಟಿಗೆ ಬಳಸಲು ಅವಕಾಶವಿದೆ. ಇತ್ತ ತೀರಿಸಿದ 4.86 ಲಕ್ಷ ಅತ್ತ ಹೊಸ ನೋಂದಣಿಯಲ್ಲಿ ಜಮೆಯಾಗಿ ದೊರೆಯುತ್ತದೆ. ಉಳಿದ 14 ಸಾವಿರವನ್ನು ಕೊನೆಯ ತಿಂಗಳ ಸ್ಥಳೀಯ ಮಾರಾಟದ ತೆರಿಗೆಗೆ ಹೊಂದಿಸಿಕೊಳ್ಳಬಹುದು.

ಯಂತ್ರದ ವಿಷಯದಲ್ಲಿ ಒಂದು ಎಚ್ಚರಿಕೆ. ಪಡೆದ ಜಮೆಯಿಂದ ಪ್ರತಿ ತ್ರೈಮಾಸಿಕಕ್ಕೆ ಶೇ. 5ರಂತೆ ಕಳೆದು ಉಳಿದ ಮೊತ್ತ ಮತ್ತು ಇನ್‌ವಾಯ್ಸ್ ಮೌಲ್ಯದ ಮೇಲಿನ ತೆರಿಗೆ, ಇವೆರಡರಲ್ಲಿ ಹೆಚ್ಚಿನದನ್ನು ಕಟ್ಟಬೇಕು. ಮೇಲಿನ ಉದಾಹರಣೆಯಲ್ಲಿ ಎಂಟು ತ್ರೈಮಾಸಿಕ ಕಳೆದು ಉಳಿಯುವುದು 1.08 ಲಕ್ಷ, 7 ಲಕ್ಷದ ಮೇಲಿನ ತೆರಿಗೆ 1.26 ಲಕ್ಷ. ಆದ್ದರಿಂದ ತೊಂದರೆಯಿಲ್ಲ. ಹಾಗಾದರೆ ಜಮೆಯನ್ನೆಲ್ಲ ಸಾಗಿಸುವ ಸಲುವಾಗಿ ದಾಸ್ತಾನಿಗೆ 40 ಲಕ್ಷವೆಂದು ಬರೆದರಾಗದೇ ಎಂದು ಕೇಳುವವರಿದ್ದಾರೆ. ಪಡೆಯುವ ನೋಂದಣಿಗೆ ಪೂರ್ಣ ಜಮೆಯ ಅರ್ಹತೆ ಇದ್ದಲ್ಲಿ ಇನ್‌ವಾಯ್ಸಿನಲ್ಲಿ ನಮೂದಿಸಿದ ಮೌಲ್ಯವನ್ನೇ ಮಾರುಕಟ್ಟೆ ಮೌಲ್ಯವೆಂದು ನಿಯಮ ಒಪ್ಪುತ್ತದೆ ಎಂಬುದು ನಿಜ. ಆದರೂ ದಾಸ್ತಾನು ಪುಸ್ತಕದಲ್ಲಿ ಒಂದು, ಇನ್‌ವಾಯ್ಸಿನಲ್ಲಿ ಇನ್ನೊಂದು ಮೌಲ್ಯವಿದ್ದರೆ ಮುಂದೆ ವಿವರಣೆ ಕೊಡಬೇಕಾದವರು ವರ್ತಕರೇ. ಲೆಕ್ಕಪುಸ್ತಕಕ್ಕೆ ಹೊಂದುವ ಮೌಲ್ಯವೇ ಲೇಸು.

ತಿಂಗಳ ತೆರಿಗೆಯುಕ್ತ ಪೂರೈಕೆ 50 ಲಕ್ಷ ರೂ. ಮೀರಿದರೆ, ಕೆಲವು ವಿನಾಯಿತಿಗಳಿಗೆ ಒಳಪಟ್ಟು, ತೆರಿಗೆಯ ಶೇ. 1ರಷ್ಟನ್ನು ನಗದಾಗಿಯೇ ಕಟ್ಟಬೇಕೆಂಬ ನಿಯಮವೂ ಇದೆ. ಎಲ್ಲ ಸರಕನ್ನು ಒಂದೇ ತಿಂಗಳಲ್ಲಿ ಸಾಗಿಸುವವರು ಇದನ್ನು ಗಮನಿಸತಕ್ಕದ್ದು. 50 ಸಾವಿರ ರೂ. ಮೀರಿದ ಸಾಗಣೆಗೆ ಇ-ವೇ ಬಿಲ್ ಬೇಕೆಂಬುದನ್ನು ಹೊಸದಾಗಿ ಹೇಳಬೇಕಿಲ್ಲ. ಕ್ಯಾಶ್ ಲೆಡ್ಜರಿನಲ್ಲಿ ನಗದು ಉಳಿದಿದ್ದರೆ ಚಿಂತೆಯಿಲ್ಲ. ಬಾಕಿ ಇಲ್ಲದಿದ್ದಲ್ಲಿ ಅದನ್ನು ಅದೇ ಪ್ಯಾನಿನ ಮತ್ತೊಂದು ರಾಜ್ಯದ ನೋಂದಣಿಗೆ ಕೇಂದ್ರ ಅಥವಾ ಐಜಿಎಸ್‌ಟಿ ತಲೆಬರಹದಡಿ ವರ್ಗಾಯಿಸಲು 2022ರಿಂದ ಅವಕಾಶವಾಗಿದೆ.

ರಾಜಿ ತೆರಿಗೆ ಅಂದರೆ ಕಾಂಪೊಸಿಷನ್ ಪದ್ಧತಿಯ ವರ್ತಕರಿಗೆ ಈ ದಾರಿ ನೇರವಾಗಿ ತೆರೆದಿಲ್ಲ. ಅವರು ಅಂತರರಾಜ್ಯ ಪೂರೈಕೆ ಮಾಡುವಂತಿಲ್ಲ. ತಮ್ಮದೇ ಸರಕನ್ನು ತಮ್ಮದೇ ಹೊಸ ನೋಂದಣಿಗೆ ಕಳುಹಿಸುವುದೂ ಅಂತರರಾಜ್ಯ ಪೂರೈಕೆಯೇ. ತಿಳಿಯದೆ ಒಂದು ಲಾರಿ ಕಳುಹಿಸಿದರೂ ರಾಜಿ ಪದ್ಧತಿಯ ಅರ್ಹತೆ ಹೋಗುತ್ತದೆ. ಅಂಥವರು ದಾಸ್ತಾನನ್ನು ಇಲ್ಲಿಯೇ ಮಾರಿ ಮುಗಿಸಬೇಕು. ಇಲ್ಲವೇ ಮೊದಲು ಸಾಮಾನ್ಯ ಪದ್ಧತಿಗೆ ಬದಲಾಗಿ, ದಾಸ್ತಾನಿನ ಮೇಲಿನ ಜಮೆಯನ್ನು 30 ದಿನಗಳೊಳಗೆ ಘೋಷಿಸಿ, ಅನಂತರ ಸರಕು ಸಾಗಿಸಬೇಕು. ಒಂದೇ ಪ್ಯಾನಿನ ಎಲ್ಲ ನೋಂದಣಿಗಳೂ ಒಂದೇ ಪದ್ಧತಿಯಲ್ಲಿರಬೇಕಾದ್ದರಿಂದ ಹೊಸ ನೋಂದಣಿಯನ್ನೂ ಸಾಮಾನ್ಯ ಪದ್ಧತಿಯಲ್ಲೇ ಪಡೆಯಬೇಕಾಗುತ್ತದೆ.

ಖಾಸಗಿ ಕಂಪನಿಗಳ ನಿರ್ದೇಶಕರು ಕಾರ್ಖಾನೆ ಹೋದರೆ ನೋಂದಾಯಿತ ಕಚೇರಿಯೂ ಹೋಗಲೇಬೇಕೆಂದು ತಿಳಿಯುವುದುಂಟು. ಹಾಗೇನಿಲ್ಲ. ಕಾರ್ಖಾನೆ ಹೊಸೂರಿನಲ್ಲಿದ್ದು ನೋಂದಾಯಿತ ಕಚೇರಿ ಬೆಂಗಳೂರಿನಲ್ಲೇ ಇರಬಹುದು. ಕಚೇರಿಯನ್ನೂ ಸ್ಥಳಾಂತರಿಸುವುದಾದರೆ 2013ರ ಕಂಪನಿ ಕಾಯ್ದೆಯ 13ನೇ ಪ್ರಕರಣದಂತೆ ವಿಶೇಷ ನಿರ್ಣಯ, ಪತ್ರಿಕಾ ಪ್ರಕಟಣೆ, ಸಾಲಗಾರರಿಗೆ ನೋಟಿಸು, ಪ್ರಾದೇಶಿಕ ನಿರ್ದೇಶಕರ ಅನುಮೋದನೆ ಇಷ್ಟೂ ಆಗಬೇಕು. ಅವಶ್ಯವಿಲ್ಲದೆ ಈ ಖರ್ಚಿಗೆ ಕೈಹಾಕುವುದು ಬೇಡ.

ಸರಕೆಲ್ಲ ಸಾಗಿ, ಕೊನೆಯ ಇನ್‌ವಾಯ್ಸಿನ ರಿಟರ್ನ್ ಸಲ್ಲಿಕೆಯಾಗಿ, ಹೊಸ ನೋಂದಣಿಯಲ್ಲಿ ಜಮೆ ಕಾಣಿಸಿಕೊಂಡ ಮೇಲೆ ಹಳೆಯ ನೋಂದಣಿಯ ರದ್ದತಿಗೆ ಅರ್ಜಿ ಹಾಕಬೇಕು. ವ್ಯವಹಾರ ನಿಂತ 30 ದಿನಗಳೊಳಗೆ ಈ ಅರ್ಜಿ, ರದ್ದತಿಯ ದಿನಾಂಕ ಅಥವಾ ಆದೇಶದ ದಿನಾಂಕ ಇವೆರಡರಲ್ಲಿ ನಂತರದ್ದರಿಂದ ಮೂರು ತಿಂಗಳೊಳಗೆ ಜಿಎಸ್‌ಟಿಆರ್-10 ಎಂಬ ಅಂತಿಮ ರಿಟರ್ನ್. ಇದನ್ನು ಮರೆತು ನೋಟಿಸು ಬಂದಾಗ ಎಚ್ಚರಗೊಳ್ಳುವವರು ಬಹಳ. ರದ್ದತಿಯಿಂದ ಹಿಂದಿನ ಅವಧಿಯ ಹೊಣೆ ತೀರುವುದಿಲ್ಲವಾದ್ದರಿಂದ, ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ನೋಟಿಸುಗಳು ಬರುವುದು ಹಳೆಯ ನೋಂದಣಿಯಲ್ಲಿ ಕೊಟ್ಟಿದ್ದ ಮೊಬೈಲ್ ಸಂಖ್ಯೆ ಮತ್ತು ಇ-ಮೇಲ್‌ಗೆ. ಕೆಲಸ ಬಿಟ್ಟುಹೋದ ಗುಮಾಸ್ತರ ಸಂಖ್ಯೆ ಅಲ್ಲಿದ್ದರೆ ರದ್ದತಿಗೆ ಮುಂಚೆಯೇ ಬದಲಾಯಿಸಿಕೊಳ್ಳಬೇಕು.