ಊರ ಹೆಸರಿನ ಬಾಲ ಕತ್ತರಿಸಿದ ಕೋಡ್

ನಮ್ಮೂರು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿ. ಹೆಸರಿನಲ್ಲೇ ಎರಡು ಒತ್ತಕ್ಷರ: ಬ ಕೆಳಗೆ ರ, ಳ ಕೆಳಗೆ ಳ. ಈ ಎರಡು ಒತ್ತುಗಳು ನನಗೆ ಕೋಡ್ ಬರೆಯುವ ಪಾಠ ಹೇಳಿಕೊಡುತ್ತವೆ ಎಂದು ಯಾರಾದರೂ ಹೇಳಿದ್ದರೆ ನಕ್ಕುಬಿಡುತ್ತಿದ್ದೆ.

ಬಿಇ ಐದನೇ ಸೆಮಿಸ್ಟರ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ವರು ಗೆಳೆಯರು ತಾಲ್ಲೂಕಿನ ಹಳ್ಳಿಗಳ ಮಾಹಿತಿ ನೀಡುವ ಕನ್ನಡ ವೆಬ್‌ಸೈಟ್ ಮಾಡುತ್ತಿದ್ದೆವು. ವಿನ್ಯಾಸಕ್ಕೆ ಆರಿಸಿಕೊಂಡಿದ್ದು ಟೈಲ್‌ವಿಂಡ್. ಆ್ಯಡಮ್ ವಾಥನ್ ಮತ್ತವರ ಜೊತೆಗಾರರು 2017ರಲ್ಲಿ ಹೊರತಂದ ಸಿಎಸ್‌ಎಸ್ ಫ್ರೇಮ್‌ವರ್ಕ್ ಇದು. ದಪ್ಪ ಅಕ್ಷರಕ್ಕೊಂದು, ಹಸಿರು ಹಿನ್ನೆಲೆಗೊಂದು, ಅಂತರಕ್ಕೊಂದು ಎಂಬಂತೆ ಒಂದೊಂದೇ ಕೆಲಸ ಮಾಡುವ ಪುಟ್ಟ ಕ್ಲಾಸ್‌ಗಳನ್ನು ಎಚ್‌ಟಿಎಂಎಲ್‌ನಲ್ಲೇ ಸಾಲಾಗಿ ಜೋಡಿಸಿದರಾಯಿತು. ಇದಕ್ಕೇ ಯುಟಿಲಿಟಿ-ಫಸ್ಟ್ ಎನ್ನುತ್ತಾರೆ. ಪ್ರತಿ ಬಟನ್‌ಗೂ ಹೊಸ ಹೆಸರು ಹುಡುಕುವ ತಲೆನೋವಿಲ್ಲ. ಇಲ್ಲಿ ಮುಟ್ಟಿದರೆ ಅಲ್ಲಿ ಕೆಡುವ ಭಯವೂ ಕಡಿಮೆ. ಎರಡೇ ವಾರದಲ್ಲಿ ಮೂವತ್ತು ಪುಟ ಮುಗಿಸಿ ಬೀಗಿದೆವು.

ಪ್ರಾಜೆಕ್ಟ್ ತೋರಿಸಲು ಇನ್ನೆರಡು ದಿನವಿತ್ತು. ಊರಿಗೆ ಹೋದವನು ಅಪ್ಪನ ಮೊಬೈಲ್‌ನಲ್ಲಿ ವೆಬ್‌ಸೈಟ್ ತೆರೆದು ಕೊಟ್ಟೆ. ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, 'ಏನಪಾ ಇದು, ನಮ್ಮೂರ ಹೆಸರಿನ ಬಾಲಾನೇ ಕತ್ತರಿಸಿ ಹೋಗೈತಲ್ಲ' ಎಂದರು. ನಿಜ, ಒತ್ತುಗಳ ಅರ್ಧ ಮಾಯವಾಗಿತ್ತು!

ಕಾರಣ ಹುಡುಕಿದೆ. ಶೀರ್ಷಿಕೆಗೆ ಬಳಸಿದ್ದ 'ಟೆಕ್ಸ್ಟ್-5ಎಕ್ಸ್‌ಎಲ್' ಕ್ಲಾಸ್‌ನಲ್ಲಿ ಅಕ್ಷರದ ಗಾತ್ರ 48 ಪಿಕ್ಸೆಲ್, ಸಾಲಿನ ಎತ್ತರವೂ ಅಷ್ಟೇ. ಇಂಗ್ಲಿಷಿಗೆ ಅದು ಸಾಕು. ಕನ್ನಡದ ಒತ್ತಿಗೆ ಕೆಳಗೆ ಜಾಗ ಬೇಕು. ಉದ್ದದ ಹೆಸರುಗಳು ಚೌಕಟ್ಟು ಮೀರದಿರಲಿ ಎಂದು 'ಟ್ರಂಕೇಟ್' ಬೇರೆ ಹಾಕಿದ್ದೆವು. ಹೊರಚಾಚಿದ ಭಾಗವನ್ನು ಅದು ಮುಚ್ಚಿಬಿಟ್ಟಿತ್ತು. ನಾವು ಪರೀಕ್ಷಿಸಿದ್ದೆಲ್ಲ ಇಂಗ್ಲಿಷ್ ಮಾದರಿ ಪಠ್ಯದಲ್ಲಿ!

ಥೀಮ್‌ನಲ್ಲಿ ಆ ಗಾತ್ರದ ಸಾಲಿನ ಎತ್ತರವನ್ನು ಹೆಚ್ಚಿಸಿದೆ. ಒಂದೇ ಸಾಲಿನ ಕೆಲಸ. ಗೆಳೆಯರ ಪುಟಗಳೆಲ್ಲ ಸರಿಹೋದವು, ನನ್ನವು ಮಾತ್ರ ಹಾಗೇ ಉಳಿದವು. ಏಕೆಂದರೆ ನಾನು ಕಣ್ಣಳತೆಯಲ್ಲಿ ಒಂದು ಕಡೆ 46 ಪಿಕ್ಸೆಲ್, ಇನ್ನೊಂದು ಕಡೆ 50 ಎಂದು ಚೌಕ ಆವರಣದೊಳಗೆ ಬರೆದು, ಸಾಲಿನ ಎತ್ತರವನ್ನೂ ಅಲ್ಲಲ್ಲೇ ಕಟ್ಟಿಹಾಕಿದ್ದೆ. ಕ್ಲಾಸ್‌ಗಳ ಕ್ರಮವೂ ಪುಟಕ್ಕೊಂದು ತರ ಇದ್ದುದರಿಂದ ಒಮ್ಮೆಗೇ ಹುಡುಕಿ ಬದಲಿಸಲೂ ಆಗಲಿಲ್ಲ. ಆ ರಾತ್ರಿ ನಿದ್ದೆ ಮಾಡಲಿಲ್ಲ.

ಮೂವತ್ತು ಪುಟಕ್ಕೇ ಹೀಗಾದರೆ, ನೂರಾರು ಜನ ವರ್ಷಗಟ್ಟಲೆ ಕೆಲಸ ಮಾಡುವ ಆ್ಯಪ್‌ನ ಗತಿಯೇನು? ಅಂದು ನಾವು ನಾಲ್ವರೂ ಕೆಲವು ನಿಯಮ ಹಾಕಿಕೊಂಡೆವು. ಬಣ್ಣ, ಗಾತ್ರ, ಅಂತರ ಥೀಮ್‌ನಲ್ಲೇ ಇರಬೇಕು. ಚೌಕ ಆವರಣದ ಅಳತೆ ಬಳಸಿದವರು ಕಾರಣ ಹೇಳಬೇಕು. ಒಂದೇ ಕ್ಲಾಸ್ ಸಾಲು ಮೂರನೇ ಸಲ ನಕಲಾದರೆ ಅದನ್ನು ಕಾಂಪೊನೆಂಟ್ ಮಾಡಬೇಕು. ಕ್ಲಾಸ್‌ಗಳ ಕ್ರಮವನ್ನು ಪ್ರೆಟಿಯರ್ ಪ್ಲಗಿನ್‌ಗೆ ಬಿಡಬೇಕು. ಬಣ್ಣದ ಹೆಸರನ್ನು ಆಮೇಲೆ ಅಂಟಿಸಿ ಕ್ಲಾಸ್ ಹುಟ್ಟಿಸಬಾರದು. ಟೈಲ್‌ವಿಂಡ್ ನಮ್ಮ ಫೈಲ್‌ಗಳನ್ನು ಬರೀ ಪಠ್ಯವಾಗಿ ಓದುತ್ತದೆ. ಪೂರ್ತಿ ಹೆಸರು ಕಾಣದಿದ್ದರೆ ಅದರ ಸಿಎಸ್‌ಎಸ್ ತಯಾರಾಗುವುದೇ ಇಲ್ಲ.

ಪ್ರಾಜೆಕ್ಟ್ ತೋರಿಸುವ ದಿನ ಪರೀಕ್ಷಕರು, 'ಈ ಹಸಿರು ಕಣ್ಣಿಗೆ ಹೊಡೆಯುತ್ತಿದೆ, ಬದಲಿಸಿ ನೋಡೋಣ' ಎಂದರು. ಥೀಮ್‌ನಲ್ಲಿ ಒಂದು ಸಾಲು ತಿದ್ದಿದೆ. ಮೂವತ್ತೂ ಪುಟಗಳ ಬಣ್ಣ ಬದಲಾಯಿತು. ಅವರು ಮತ್ತೇನೂ ಕೇಳಲಿಲ್ಲ.

ಟೈಲ್‌ವಿಂಡ್ ಹೆಸರಿಡುವ ಕಷ್ಟವನ್ನು ತಪ್ಪಿಸುತ್ತದೆ, ಯೋಚಿಸುವ ಕೆಲಸವನ್ನಲ್ಲ. ಒಂದು ತೀರ್ಮಾನ ಒಂದೇ ಜಾಗದಲ್ಲಿರಬೇಕು, ಅಷ್ಟೇ. ಸಂದರ್ಶನಕ್ಕೆ ಹೊರಟ ಗೆಳೆಯರೇ, ಎಷ್ಟು ಪುಟ ಕಟ್ಟಿದಿರಿ ಎಂದು ಲೆಕ್ಕ ಒಪ್ಪಿಸುವ ಮೊದಲು, ಅವನ್ನು ಬದಲಿಸಲು ಎಷ್ಟು ಹೊತ್ತು ಬೇಕೆಂದು ನಿಮ್ಮನ್ನೇ ಕೇಳಿಕೊಳ್ಳಿ. ಹಾಗೇ ಒಮ್ಮೆ ಅಪ್ಪನ ಮೊಬೈಲ್‌ನಲ್ಲೂ ತೆರೆದು ನೋಡಿ.