ತಂತ್ರಾಂಶದ ಬದಲಾವಣೆಗೂ ಲೆಕ್ಕಪುಸ್ತಕ

ಐಬಿಎಂ ಸಂಸ್ಥೆಯು 1988ರಲ್ಲಿ ಪರಿಚಯಿಸಿದ ಎಎಸ್/400 ಮಧ್ಯಮ ಶ್ರೇಣಿಯ ಗಣಕದ ಪರಂಪರೆಯು ಇಂದು ‘ಐಬಿಎಂ ಐ’ ಎಂಬ ಕಾರ್ಯಾಚರಣ ವ್ಯವಸ್ಥೆಯಾಗಿ ಮುಂದುವರಿದಿದೆ. ದಾಸ್ತಾನು, ಬಿಲ್ಲು ಮತ್ತು ಲೆಕ್ಕಪತ್ರಗಳನ್ನು ನಿರ್ವಹಿಸುವ, ದಶಕಗಳ ಹಿಂದೆ ಆರ್‌ಪಿಜಿ ಭಾಷೆಯಲ್ಲಿ ಬರೆದ ಪ್ರೋಗ್ರಾಂಗಳು ಅಲ್ಲಿ ಇಂದಿಗೂ ಬಳಕೆಯಲ್ಲಿವೆ.

ಈ ಗಣಕಗಳಲ್ಲಿ ಪ್ರೋಗ್ರಾಂನ ಮೂಲಪಠ್ಯವನ್ನು ಸೋರ್ಸ್ ಫೈಲಿನೊಳಗೆ ‘ಮೆಂಬರ್’ಗಳಾಗಿ ಇರಿಸುವುದು ರೂಢಿ. ಪ್ರತಿ ಸಾಲಿನೊಂದಿಗೆ ಅದು ಬದಲಾದ ದಿನಾಂಕ ದಾಖಲಾಗುತ್ತದೆ. ಆದರೆ ಬದಲಿಸಿದವರು ಯಾರು, ಹಿಂದೆ ಏನಿತ್ತು, ಬದಲಾವಣೆ ಏತಕ್ಕಾಗಿ ಎಂಬುದು ಅದರಿಂದ ತಿಳಿಯದು. ಇಬ್ಬರು ಒಂದೇ ಮೆಂಬರ್‌ನ ಪ್ರತಿಗಳನ್ನು ಬೇರೆ ಬೇರೆಯಾಗಿ ತಿದ್ದಿದರೆ, ನಂತರ ಸೇರಿಸಿದ ಪ್ರತಿಯು ಮೊದಲಿನದನ್ನು ಅಳಿಸಿಹಾಕಬಹುದು. ಅಳಿದುದು ತೆರಿಗೆ ದರದ ಪರಿಷ್ಕರಣೆಯಾಗಿದ್ದರೆ ಗ್ರಾಹಕರಿಗೆ ತಪ್ಪು ಬಿಲ್ಲುಗಳೇ ತಲುಪುತ್ತವೆ.

ಪಿಸಿ ತಂತ್ರಾಂಶ ಕ್ಷೇತ್ರದಲ್ಲಿ ಜನಪ್ರಿಯವಾಗಿರುವ, 2005ರಲ್ಲಿ ರೂಪುಗೊಂಡ ‘ಗಿಟ್’ ಈ ಕೊರತೆಯನ್ನು ನೀಗಿಸುತ್ತದೆ. ಪ್ರತಿ ಬದಲಾವಣೆಯೂ ಹೆಸರು, ವೇಳೆ ಮತ್ತು ವಿವರಣೆಯೊಡನೆ ದಾಖಲಾಗುತ್ತದೆ. ಒಂದೇ ಸಾಲನ್ನು ಇಬ್ಬರು ಭಿನ್ನವಾಗಿ ತಿದ್ದಿದ್ದರೆ ವಿಲೀನದ ವೇಳೆ ಎಚ್ಚರಿಕೆ ದೊರೆಯುತ್ತದೆ. ಗಿಟ್ ಐಬಿಎಂ ಐ ಮೇಲೆಯೇ ನಡೆಯಬಲ್ಲದು. ಆದರೆ ಅದಕ್ಕೆ ಮೆಂಬರ್‌ಗಳು ಅರ್ಥವಾಗವು. ಅವುಗಳನ್ನು ಐಎಫ್‌ಎಸ್‌ನಲ್ಲಿ ಸಾಮಾನ್ಯ ಪಠ್ಯ ಕಡತಗಳಾಗಿ ನಕಲಿಸಬೇಕು. ಹಾಗೆ ನಕಲಿಸಿದಾಗ ಸಾಲುಗಳ ದಿನಾಂಕಗಳು ಜೊತೆಗೆ ಬಾರದ ಕಾರಣ ಹಳೆಯ ಮೆಂಬರ್‌ಗಳನ್ನು ಕಾಪಿಡುವುದು ಒಳಿತು.

ಗಿಟ್ ಕಾಯುವುದು ಮೂಲಪಠ್ಯವನ್ನು. ವ್ಯವಹಾರ ನಡೆಸುವುದು ಅದರಿಂದ ಕಂಪೈಲ್ ಮಾಡಿದ ಪ್ರೋಗ್ರಾಂ. ಇವೆರಡರ ನಡುವಿನ ನಂಟು ತಪ್ಪಿದರೆ ದಾಖಲೆಯಿದ್ದೂ ಪ್ರಯೋಜನವಿಲ್ಲ. ಆದ್ದರಿಂದ ಇಂದು ಬಿಲ್ಲು ಮುದ್ರಿಸುತ್ತಿರುವ ಪ್ರೋಗ್ರಾಂ ಯಾವ ಆವೃತ್ತಿಯಿಂದ ಸಿದ್ಧವಾಯಿತೆಂಬುದನ್ನೂ ದಾಖಲಿಸುವ ಶಿಸ್ತನ್ನು ಸಂಸ್ಥೆಗಳು ರೂಢಿಸಿಕೊಳ್ಳುವುದು ಅವಶ್ಯ.