ಅರಗಾ ಗೋಡೆಯಾಚೆಯ ಲೆಕ್ಕ

ಕಾರವಾರದಿಂದ ಅಂಕೋಲಾ ಕಡೆಗೆ ಹೊರಟ ಬಸ್ಸಿನಲ್ಲಿ ಕಡಲು ನೋಡಬೇಕೆಂದು ಬಲಗಡೆಯ ಕಿಟಕಿ ಹಿಡಿದು ಕೂತವರಿಗೆ ಸ್ವಲ್ಪ ಹೊತ್ತಿನಲ್ಲೇ ನಿರಾಸೆಯಾಗುತ್ತದೆ. ಬಿಣಗಾ ದಾಟಿದ ಮೇಲೆ ಅಲೆ ಕಾಣಬೇಕಾದಲ್ಲಿ ಗೋಡೆ ಕಾಣುತ್ತದೆ. ಅದರ ಮೇಲೆ ಮುಳ್ಳುತಂತಿ. ಊರಿನ ಹೆಸರು ಅರಗಾ. ಗೋಡೆಯಾಚೆ ಇರುವುದು ಐಎನ್ಎಸ್ ಕದಂಬ ನೌಕಾನೆಲೆ. ಊರವರ ಬಾಯಲ್ಲಿ ಮಾತ್ರ ಅದು ಇಂದಿಗೂ 'ಸೀಬರ್ಡ್'.

ದೇಶದ ಭದ್ರತೆಯ ಯೋಜನೆ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ದೆಹಲಿಯ ಸೌತ್ ಬ್ಲಾಕಿಗಿಂತ ಮೊದಲು ಈ ಗೋಡೆಯನ್ನು ತೋರಿಸುತ್ತೇನೆ. 1971ರ ಯುದ್ಧದಲ್ಲಿ ನಮ್ಮ ನೌಕಾಪಡೆ ಕರಾಚಿಯ ಬಾಗಿಲಿಗೇ ಹೋಗಿ ಹೊಡೆದು ಬಂತು. ಆದರೆ ಅದೇ ಯುದ್ಧದಲ್ಲಿ ಮುಂಬೈ ಬಂದರಿನ ಇಕ್ಕಟ್ಟೂ ಅನುಭವಕ್ಕೆ ಬಂದಿತ್ತು. ಯುದ್ಧನೌಕೆ, ಸರಕಿನ ಹಡಗು, ಮೀನುದೋಣಿ ಎಲ್ಲವೂ ಒಂದೇ ನೀರಿನಲ್ಲಿ. ಪಶ್ಚಿಮ ಕರಾವಳಿಯಲ್ಲಿ ನೌಕಾಪಡೆಗೆಂದೇ ಒಂದು ನೆಲೆ ಬೇಕೆಂಬ ಯೋಚನೆ ಬೆಳೆದದ್ದು ಅಲ್ಲಿಂದ. 1982ರಿಂದ 84ರವರೆಗೆ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್ ಕಾರವಾರವನ್ನು ಆರಿಸಿದರು. ಬೆನ್ನಿಗೆ ಸಹ್ಯಾದ್ರಿ, ಎದುರಿಗೆ ಅಂಜದೀವ ದ್ವೀಪ, ಆಳದ ನೀರು, ಮುಂಬೈ ಮತ್ತು ಕೊಚ್ಚಿಯ ನಡುವಿನ ಜಾಗ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. 90ರ ದಶಕದ ಹಣದ ಮುಗ್ಗಟ್ಟಿನಲ್ಲಿ ಕೆಲಸ ಕುಂಟಿತು. ನೆಲೆಗೆ ಚಾಲನೆ ಸಿಕ್ಕಿದ್ದು 2005ರ ಮೇ 31ರಂದು.

ಅಂದರೆ ಅಗತ್ಯ ಗೊತ್ತಾದ ದಿನದಿಂದ ಲೆಕ್ಕ ಹಿಡಿದರೆ ಮೂವತ್ತನಾಲ್ಕು ವರ್ಷ. ಯುದ್ಧದ ವರ್ಷ ನೌಕಾಪಡೆ ಸೇರಿದ ಹುಡುಗ ಅಷ್ಟರಲ್ಲಿ ನಿವೃತ್ತನಾಗಿ ಪಿಂಚಣಿ ಎಣಿಸುತ್ತಿದ್ದಿರಬೇಕು. ಹೀಗಿದ್ದೂ ನಮ್ಮ ಮಟ್ಟಿಗೆ ಇದು ಒಳ್ಳೆಯ ಯೋಜನೆಯ ಉದಾಹರಣೆ. ಏಕೆಂದರೆ ಇದು ಗೆದ್ದ ಯುದ್ಧದಿಂದ ಪಾಠ ಕಲಿತ ಅಪರೂಪದ ಪ್ರಸಂಗ. ಉಳಿದಂತೆ ನಾವು ಕಲಿತದ್ದೆಲ್ಲ ಪೆಟ್ಟು ತಿಂದ ಮೇಲೆಯೇ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎನ್ನುವ ಗಾದೆ ನಮ್ಮ ರಕ್ಷಣಾ ಇತಿಹಾಸವನ್ನೇ ನೋಡಿ ಹುಟ್ಟಿದಂತಿದೆ.

1962ರ ಚೀನಾ ಯುದ್ಧ ಅದರ ಮೊದಲ ಅಧ್ಯಾಯ. ಆಗಿನ ಕಥೆಯನ್ನು ನಾವು ಕೊಡಗಿನ ಕಡೆಯಿಂದ ಓದುವುದು ವಾಡಿಕೆ. ಮಡಿಕೇರಿಯ ಜನರಲ್ ತಿಮ್ಮಯ್ಯ 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಅದೇ ವರ್ಷ ಕೃಷ್ಣ ಮೆನನ್ ರಕ್ಷಣಾ ಮಂತ್ರಿಯಾದರು. ಇಬ್ಬರಿಗೂ ಹೊಂದಲಿಲ್ಲ. 1959ರಲ್ಲಿ ತಿಮ್ಮಯ್ಯ ರಾಜೀನಾಮೆ ಕೊಟ್ಟರು, ನೆಹರೂ ಮನವೊಲಿಸಿದರು, ರಾಜೀನಾಮೆ ಹಿಂದೆ ಬಂತು. ಈ ಪ್ರಸಂಗವನ್ನು ಇಬ್ಬರು ದೊಡ್ಡವರ ಜಗಳವಾಗಿ ಹೇಳಿ ಮುಗಿಸುತ್ತಾರೆ. ನನಗೆ ಅದು ಜಗಳಕ್ಕಿಂತ ಒಂದು ಖಾಲಿ ಜಾಗದ ಕಥೆಯಾಗಿ ಕಾಣುತ್ತದೆ. ಚೀನಾದ ಜೊತೆ ಯುದ್ಧ ಬರಲಾರದು ಎನ್ನುವುದು ದೆಹಲಿಯ ರಾಜಕೀಯ ನಂಬಿಕೆ. ಬಂದರೆ ಏನು ಎನ್ನುವುದು ಸೈನಿಕರ ಪ್ರಶ್ನೆ. ಇವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ಜೋಡಿಸಿ ನೋಡುವ ವ್ಯವಸ್ಥೆ ಇದ್ದಿದ್ದರೆ ಅಷ್ಟೆತ್ತರದ ಹಿಮದಲ್ಲಿ ನಮ್ಮ ಜವಾನರು ಹತ್ತಿಬಟ್ಟೆ, ಕ್ಯಾನ್ವಾಸ್ ಬೂಟು ಹಾಕಿಕೊಂಡು ಹಳೆಯ .303 ರೈಫಲ್ ಹಿಡಿದು ನಿಲ್ಲುತ್ತಿರಲಿಲ್ಲ. ವಾಯುಪಡೆಯನ್ನು ಕಾಳಗಕ್ಕೆ ಇಳಿಸಲೇ ಇಲ್ಲ. ಏಕೆ ಇಳಿಸಲಿಲ್ಲ ಎನ್ನುವ ಚರ್ಚೆ ಇನ್ನೂ ಮುಗಿದಿಲ್ಲ.

ಸೋತ ಮೇಲೆ ಎಲ್ಲವೂ ಬಂತು. ರಕ್ಷಣಾ ವೆಚ್ಚ ಏರಿತು. ಹೊಸ ಪರ್ವತ ಡಿವಿಷನ್‌ಗಳು ಹುಟ್ಟಿದವು. ಮೊಟ್ಟಮೊದಲ ರಕ್ಷಣಾ ಪಂಚವಾರ್ಷಿಕ ಯೋಜನೆ 1964ರಲ್ಲಿ ಶುರುವಾಯಿತು. ಸ್ವಾತಂತ್ರ್ಯ ಬಂದು ಹದಿನೇಳು ವರ್ಷಕ್ಕೆ! ಸೋಲಿನ ಕಾರಣ ಹುಡುಕಿದ ಹೆಂಡರ್ಸನ್ ಬ್ರೂಕ್ಸ್ ಮತ್ತು ಭಗತ್ ಅವರ ವರದಿಯನ್ನು ಸರ್ಕಾರ ಇವತ್ತಿಗೂ ಬಿಡುಗಡೆ ಮಾಡಿಲ್ಲ. ಅದರ ಒಂದು ಭಾಗವನ್ನು ಪತ್ರಕರ್ತ ನೆವಿಲ್ ಮ್ಯಾಕ್ಸ್‌ವೆಲ್ 2014ರಲ್ಲಿ ಅಂತರ್ಜಾಲಕ್ಕೆ ಹಾಕಿದ ಮೇಲೂ ಅದು ಅಧಿಕೃತವಾಗಿ ಗುಟ್ಟೇ.

1971ರ ಕಥೆ ಬೇರೆ. ಏಪ್ರಿಲ್‌ನಲ್ಲೇ ಯುದ್ಧಕ್ಕೆ ಹೊರಡಿ ಎಂದ ಇಂದಿರಾ ಗಾಂಧಿಗೆ ಭೂಸೇನೆಯ ಮುಖ್ಯಸ್ಥ ಮಾಣೆಕ್ ಷಾ ಆಗದು ಎಂದರಂತೆ, ಇದನ್ನು ಕೇಳದವರಿಲ್ಲ. ದಾಖಲೆ ಓದಿದ ಕೆಲವು ಇತಿಹಾಸಕಾರರು ಈ ಕಥೆಗೆ ತಕರಾರು ತೆಗೆದಿದ್ದಾರೆ. ಕಾಯಬೇಕೆಂಬ ನಿರ್ಧಾರ ಒಬ್ಬ ಸೇನಾನಿಯ ಧೈರ್ಯದಿಂದ ಬಂದದ್ದಲ್ಲ, ಪ್ರಧಾನಿಯ ಸುತ್ತಲಿನವರೂ ಆ ಲೆಕ್ಕವನ್ನೇ ಹಾಕಿದ್ದರು ಎನ್ನುತ್ತಾರೆ. ನನಗಂತೂ ಈ ಎರಡನೆಯ ಆವೃತ್ತಿಯೇ ಹೆಚ್ಚು ಇಷ್ಟ. ಮಳೆ ನಿಂತು ಬಂಗಾಳದ ಹೊಳೆಗಳು ಇಳಿಯಬೇಕು, ಹಿಮಾಲಯದ ಕಣಿವೆದಾರಿಗಳಲ್ಲಿ ಹಿಮ ಬಿದ್ದು ಚೀನಾದ ದಾರಿ ಮುಚ್ಚಬೇಕು, ಅಷ್ಟರೊಳಗೆ ಸೋವಿಯತ್ ಒಕ್ಕೂಟದ ಒಪ್ಪಂದ ಕೈಯಲ್ಲಿರಬೇಕು. ಆ ಒಪ್ಪಂದಕ್ಕೆ ಆಗಸ್ಟ್ 9ರಂದು ಸಹಿ ಬಿತ್ತು. ಹವಾಮಾನ, ರಾಜತಂತ್ರ, ರೈಲಿನ ವೇಳಾಪಟ್ಟಿ, ನಿರಾಶ್ರಿತರ ಅನ್ನ ಎಲ್ಲವೂ ಒಂದೇ ಹಾಳೆಯಲ್ಲಿ ಬಂದ ಎಂಟು ತಿಂಗಳು ಅವು. ಕಾಳಗ ನಡೆದದ್ದು ಹದಿಮೂರೇ ದಿನ.

ಮತ್ತೆ ಅಂಥ ಹಾಳೆ ಸಿದ್ಧವಾಗಲಿಲ್ಲ. 1999ರ ಬೇಸಿಗೆಯಲ್ಲಿ ಕಾರ್ಗಿಲ್‌ನ ಶಿಖರಗಳ ಮೇಲೆ ಬೇರೆಯವರು ಬಂದು ಕೂತದ್ದು ನಮಗೆ ತಡವಾಗಿ ತಿಳಿಯಿತು. 527 ಮಂದಿ ಪ್ರಾಣ ಕೊಟ್ಟರು. ಎದುರಾಳಿಯ ಫಿರಂಗಿ ಯಾವ ಮರೆಯಿಂದ ಸಿಡಿಯುತ್ತಿದೆ ಎಂದು ಪತ್ತೆ ಮಾಡುವ ರಾಡಾರ್ ಆಗ ನಮ್ಮ ಸೇನೆಯಲ್ಲಿ ಇರಲಿಲ್ಲ. ಬೆಂಗಳೂರಿನ ಪ್ರಯೋಗಾಲಯವೂ ಬಿಇಎಲ್ ಕಾರ್ಖಾನೆಯೂ ಸೇರಿ ತಯಾರಿಸಿದ 'ಸ್ವಾತಿ' ರಾಡಾರ್ ಸೇನೆಗೆ ವಿಧಿವತ್ತಾಗಿ ಹಸ್ತಾಂತರವಾದದ್ದು 2017ರಲ್ಲಿ.

ಕಾರ್ಗಿಲ್ ಆದ ಮೇಲೆ ಕೆ. ಸುಬ್ರಹ್ಮಣ್ಯಂ ನೇತೃತ್ವದ ಸಮಿತಿ ಕೆಲವೇ ತಿಂಗಳಲ್ಲಿ ವರದಿ ಕೊಟ್ಟಿತು. ಅಲ್ಲಲ್ಲಿ ಕತ್ತರಿ ಬಿದ್ದರೂ ಈ ವರದಿ ಜನರ ಕೈಗೆ ಸಿಕ್ಕಿತು. 1962ಕ್ಕೆ ಹೋಲಿಸಿದರೆ ಅದು ಸಣ್ಣ ಮಾತಲ್ಲ. ಅದರ ಬೆನ್ನಿಗೆ 2001ರ ಫೆಬ್ರವರಿಯಲ್ಲಿ ಮಂತ್ರಿಗಳ ಗುಂಪು ಹೇಳಿದ್ದು ಬಹಳ ಸರಳ: ಭೂಸೇನೆ, ನೌಕಾಪಡೆ, ವಾಯುಪಡೆ ತಮತಮಗೆ ಬೇಕಾದ ಪಟ್ಟಿ ಬರೆದುಕೊಂಡು ಬರುವುದು ಸಾಕು, ಮೂರನ್ನೂ ಒಟ್ಟಿಗೆ ನೋಡಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಸರ್ಕಾರಕ್ಕೆ ಹೇಳುವ ಒಬ್ಬ ಮುಖ್ಯಸ್ಥ ಇರಲಿ. ಆ ಹುದ್ದೆ, ಅಂದರೆ ಸಿಡಿಎಸ್, ಭರ್ತಿಯಾದದ್ದು 2020ರ ಜನವರಿ 1ರಂದು. ನಡುವೆ ಎರಡು ಸಮಿತಿಗಳು ಬೇರೆ ಬೇರೆ ಭಾಷೆಯಲ್ಲಿ ಅದೇ ಮಾತು ಹೇಳಿ ಹೋದವು. 2021ರ ಡಿಸೆಂಬರ್‌ನಲ್ಲಿ ಮೊದಲ ಸಿಡಿಎಸ್ ಜನರಲ್ ಬಿಪಿನ್ ರಾವತ್ ಹೆಲಿಕಾಪ್ಟರ್ ದುರಂತದಲ್ಲಿ ತೀರಿಕೊಂಡ ಮೇಲೆ ಒಂಬತ್ತು ತಿಂಗಳಿಗೂ ಹೆಚ್ಚು ಕಾಲ ಆ ಕುರ್ಚಿ ಖಾಲಿ ಇತ್ತು. ಹತ್ತೊಂಬತ್ತು ವರ್ಷ ಕಾದು ಪಡೆದ ಹುದ್ದೆ ಅದು. ಮೂರು ಪಡೆಗಳಿಗೆ ಹಂಚಿಹೋಗಿರುವ ಹದಿನೇಳು ಕಮಾಂಡ್‌ಗಳನ್ನು ಸೇರಿಸಿ ಜಂಟಿ ಥಿಯೇಟರ್ ಕಮಾಂಡ್ ಮಾಡುವ ಮಾತುಕತೆ ಆಮೇಲಿಂದ ನಡೆದೇ ಇದೆ.

ಇನ್ನು ದುಡ್ಡಿನ ಮಾತು. 2025-26ರ ಬಜೆಟ್‌ನಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಕೇಳಲು ದೊಡ್ಡದು. ಅದರಲ್ಲಿ ಸುಮಾರು 1.61 ಲಕ್ಷ ಕೋಟಿ ಪಿಂಚಣಿಗೇ ಹೋಗುತ್ತದೆ. ಹೊಸ ವಿಮಾನ, ಹಡಗು, ತೋಪು ಕೊಳ್ಳುವ ಬಂಡವಾಳ ವೆಚ್ಚ 1.80 ಲಕ್ಷ ಕೋಟಿ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಂಬಳ, ಡೀಸೆಲ್, ರೇಷನ್, ದುರಸ್ತಿಯದು. ಮನೆ ನಡೆಸುವವರಿಗೆ ಈ ಲೆಕ್ಕ ಅರ್ಥವಾಗುತ್ತದೆ: ಸಂಬಳ ಬಂದ ದಿನವೇ ಬಾಡಿಗೆ, ಫೀಸು, ಕಂತು ಕಳೆದು ಕೈಯಲ್ಲಿ ಉಳಿಯುವುದರಲ್ಲೇ ಹೊಸ ಸೂರಿನ ಕನಸು. 2022ರಲ್ಲಿ ಬಂದ ಅಗ್ನಿಪಥ ನೇಮಕಾತಿ ಯೋಜನೆಯನ್ನು ಸರ್ಕಾರ ಸೈನ್ಯಕ್ಕೆ ಯೌವನ ತರುವ ಕ್ರಮವೆಂದು ವಿವರಿಸಿತು. ಪಿಂಚಣಿಯ ಗೆರೆಯೂ ಅದರ ಹಿಂದಿದೆ ಎನ್ನುವುದು ಯಾರಿಗೂ ಗುಟ್ಟಲ್ಲ. ಬೆಳಗಾವಿಯ ಮೈದಾನದಲ್ಲಿ ಬೆಳಗಿನ ಜಾವ ಓಡುವ ಹುಡುಗರಿಗಂತೂ ನಾಲ್ಕು ವರ್ಷದ ನಂತರ ತಮ್ಮಲ್ಲಿ ಕಾಲುಭಾಗ ಮಾತ್ರ ಉಳಿಯುತ್ತಾರೆ ಎನ್ನುವ ಲೆಕ್ಕ ಬಾಯಿಪಾಠ.

ಇನ್ನೊಂದು ತೊಡಕೂ ಇದೆ. ಯುದ್ಧವಿಮಾನವೊಂದು ನಕ್ಷೆಯಿಂದ ಆಕಾಶಕ್ಕೆ ಏರಲು ಇಪ್ಪತ್ತು ವರ್ಷ ಬೇಕು, ಹಣ ಮಾತ್ರ ಮಾರ್ಚ್ 31ರೊಳಗೆ ಖರ್ಚಾಗಬೇಕು. ಉಳಿದರೆ ವಾಪಸ್. ಪಂಚಾಯಿತಿಯಲ್ಲಿ ಮಾರ್ಚ್ ಕೊನೆಗೆ ಅವಸರದಲ್ಲಿ ಚರಂಡಿ ಕಟ್ಟಿಸುವವರಿಗೆ ಈ ರೋಗ ಪರಿಚಿತ. ವರ್ಷ ಮುಗಿದರೂ ವಾಪಸ್ ಹೋಗದ ಪ್ರತ್ಯೇಕ ನಿಧಿ ಬೇಕೆಂದು ಹದಿನೈದನೆಯ ಹಣಕಾಸು ಆಯೋಗ ಶಿಫಾರಸು ಮಾಡಿತ್ತು.

ಬೆಂಗಳೂರಿನ ಆಕಾಶವನ್ನೇ ನೋಡಿ. 1961ರ ಜೂನ್‌ನಲ್ಲಿ ಎಚ್ಎಎಲ್‌ನಿಂದ 'ಮಾರುತ್' ಎಂಬ ಯುದ್ಧವಿಮಾನ ಹಾರಿತು. ವಿನ್ಯಾಸ ಜರ್ಮನಿಯ ಕರ್ಟ್ ಟ್ಯಾಂಕ್ ಮತ್ತು ಅವರ ಜೊತೆಗಿದ್ದ ನಮ್ಮ ಎಂಜಿನಿಯರುಗಳದು. ಚೆಲುವಾದ ವಿಮಾನ. ಅದರ ಮೈಕಟ್ಟಿಗೆ ತಕ್ಕ ಎಂಜಿನ್ ಮಾತ್ರ ಕೊನೆಗೂ ಸಿಗಲಿಲ್ಲ. ಕಡಿಮೆ ಶಕ್ತಿಯ ಎಂಜಿನ್ನಿನಲ್ಲೇ 1971ರಲ್ಲಿ ಹೋರಾಡಿತು, 147 ವಿಮಾನಗಳಿಗೆ ತಯಾರಿಕೆ ನಿಂತಿತು. ಅಲ್ಲಿಗೆ ಎಂಜಿನ್ನಿನ ಪಾಠ ಕಲಿತಿರಬೇಕಿತ್ತು. 1983ರಲ್ಲಿ ಹಗುರ ಯುದ್ಧವಿಮಾನಕ್ಕೆ ಮಂಜೂರಾತಿ ಸಿಕ್ಕಿತು. ಅದಕ್ಕೆಂದು ಕಾವೇರಿ ಹೆಸರಿನ ಎಂಜಿನ್ ತಯಾರಿಸುವ ಕೆಲಸವೂ ಬೆಂಗಳೂರಿನ ಸಿ.ವಿ. ರಾಮನ್ ನಗರದಲ್ಲಿ ಶುರುವಾಯಿತು. 1998ರಲ್ಲಿ ಪೋಖ್ರಾನ್ ಪರೀಕ್ಷೆಯ ಬಳಿಕ ಅಮೆರಿಕ ನಿರ್ಬಂಧ ಹೇರಿದಾಗ ಅಲ್ಲಿ ಕೆಲಸ ಮಾಡುತ್ತಿದ್ದ ನಮ್ಮ ತಂಡ ಬರಿಗೈಲಿ ಮರಳಿ, ಹಾರಾಟ ನಿಯಂತ್ರಣದ ಕೆಲಸವನ್ನು ಇಲ್ಲೇ ಮುಗಿಸಿತು. ಮುಂದೆ ತೇಜಸ್ ಎಂಬ ಹೆಸರು ಪಡೆದ ಈ ವಿಮಾನ 2001ರ ಜನವರಿ 4ರಂದು ಹಾರಿದಾಗ ಅದರ ಹೊಟ್ಟೆಯಲ್ಲಿದ್ದದ್ದು ಅಮೆರಿಕದ ಎಂಜಿನ್. 2008ರಲ್ಲಿ ಕಾವೇರಿಯನ್ನು ತೇಜಸ್‌ನಿಂದ ಬೇರ್ಪಡಿಸಲಾಯಿತು.

2021ರಲ್ಲಿ 83 ಹೊಸ ತೇಜಸ್‌ಗಳಿಗೆ ಆರ್ಡರ್ ಕೊಟ್ಟರು. ಹೊರಕವಚ ಸಿದ್ಧ, ಎಂಜಿನ್ ಬರಲಿಲ್ಲ. ಅಮೆರಿಕದ ಕಂಪನಿಯಿಂದ ಮೊದಲ ಎಂಜಿನ್ ಕೈಸೇರಿದ್ದು 2025ರ ಮಾರ್ಚ್‌ನಲ್ಲಿ. ಅದೇ ವರ್ಷ ಸೆಪ್ಟೆಂಬರ್ 26ರಂದು ಅರವತ್ತೆರಡು ವರ್ಷ ದುಡಿದ ಮಿಗ್-21ಕ್ಕೆ ಚಂಡೀಗಢದಲ್ಲಿ ವಿದಾಯ ಹೇಳಿದರು. ಮಂಜೂರಾದ 42 ಸ್ಕ್ವಾಡ್ರನ್‌ಗಳ ಜಾಗದಲ್ಲಿ 29 ಉಳಿದವು. ಮಾರುತ್‌ನಿಂದ ತೇಜಸ್‌ವರೆಗಿನ ಅರವತ್ತು ವರ್ಷಗಳಲ್ಲಿ ಇದೇ ಊರಿನವರು ಒಂದೇ ಕಲ್ಲಿಗೆ ಎರಡು ಸಲ ಎಡವಿದರು ಎಂದು ಬಯ್ಯುವುದು ಸುಲಭ. ಎಂಜಿನಿಯರುಗಳನ್ನು ಬಯ್ಯಲು ನನಗೆ ಮನಸ್ಸು ಬರುವುದಿಲ್ಲ. ಎಂಜಿನ್ ಬೇಕಾದರೆ ಸೋಲುಗಳ ನಡುವೆಯೂ ಮೂವತ್ತು ವರ್ಷ ಬಿಡದೆ ದುಡ್ಡು ಹಾಕುವವರು ಬೇಕು. ವಿಮಾನ ಹಾರುವ ದಿನ ಮಂತ್ರಿಗಳು ಬರುತ್ತಾರೆ. ಎಂಜಿನ್ನಿನ ಬಿಸಿಯನ್ನು ತಡೆದುಕೊಳ್ಳುವ ಬ್ಲೇಡು ಪರೀಕ್ಷೆಯಲ್ಲಿ ಬಿರುಕು ಬಿಟ್ಟ ದಿನ ಯಾರು ಬರುತ್ತಾರೆ?

ಇದಕ್ಕೆಲ್ಲ ಮದ್ದು ಲಿಖಿತ ರಾಷ್ಟ್ರೀಯ ಭದ್ರತಾ ನೀತಿ ಎನ್ನುವವರಿದ್ದಾರೆ. ನಮ್ಮಲ್ಲಿ ಪ್ರಕಟವಾದ ಅಂಥ ದಾಖಲೆ ಇಲ್ಲ. ಪಾಕಿಸ್ತಾನ ಕೂಡ 2022ರ ಜನವರಿಯಲ್ಲಿ ಒಂದನ್ನು ಹೊರತಂದಿತು. ಆ ಪುಸ್ತಕದಿಂದ ಆ ದೇಶದ ಭದ್ರತೆ ಎಷ್ಟು ಸುಧಾರಿಸಿತು ಎಂದು ನೋಡಿದರೆ ಪುಸ್ತಕದ ಮೇಲಿನ ಭಕ್ತಿ ಕಡಿಮೆಯಾಗುತ್ತದೆ. ಎಲ್ಲವನ್ನೂ ಬರೆದಿಟ್ಟರೆ ಕೈ ಕಟ್ಟಿದಂತಾಗುತ್ತದೆ ಎಂಬ ದೆಹಲಿಯ ಅಂಜಿಕೆಯೂ ಪೂರ್ತಿ ಸುಳ್ಳಲ್ಲ. ಆದರೂ ನಾನು ಬರೆಯಬೇಕು ಎನ್ನುವ ಕಡೆಯವನು. ಬರೆಯಲು ಕೂತಾಗ ಮಾತ್ರ ಯಾವುದನ್ನು ಬಿಡಬೇಕು ಎನ್ನುವ ಪ್ರಶ್ನೆ ಏಳುತ್ತದೆ. ಮೂರನೆಯ ವಿಮಾನವಾಹಕ ನೌಕೆಯೋ, ಜಲಾಂತರ್ಗಾಮಿಗಳೋ, ಲಡಾಖಿನ ಸುರಂಗಗಳೋ, ಡ್ರೋನ್‌ಗಳೋ? ಬರೆಯದಿದ್ದರೆ ಎಲ್ಲವೂ ಬೇಕು, ಎಲ್ಲವೂ ಸ್ವಲ್ಪ ಸ್ವಲ್ಪ. ನಮಗೆ ಬರೆಯಲು ಬರುವುದಿಲ್ಲವೆಂದೂ ಅಲ್ಲ. 2003ರ ಜನವರಿಯಲ್ಲಿ ಅಣ್ವಸ್ತ್ರ ನೀತಿಯನ್ನು ಚಿಕ್ಕದೊಂದು ಪತ್ರಿಕಾ ಹೇಳಿಕೆಯಲ್ಲಿ ಮುಗಿಸಿದೆವು. ಮೊದಲು ನಾವು ಪ್ರಯೋಗಿಸುವುದಿಲ್ಲ, ಯಾರ ಅಪ್ಪಣೆಯಿಲ್ಲದೆ ಪ್ರತ್ಯಸ್ತ್ರ ಹೊರಡುವಂತಿಲ್ಲ ಎಂಬುದೆಲ್ಲ ಅದರಲ್ಲಿದೆ. ಇಷ್ಟು ದಿನ ಬಾಳಿಕೆ ಬಂದಿರುವುದೂ ಅದೇ.

ಅರಗಾಕ್ಕೆ ವಾಪಸ್ ಬರೋಣ. ಸೀಬರ್ಡ್‌ಗಾಗಿ ಸಾವಿರಾರು ಕುಟುಂಬಗಳು ಎದ್ದವು. ಗದ್ದೆಯವರು, ತೆಂಗಿನ ತೋಟದವರು, ದಡದಲ್ಲಿ ಬಲೆ ಒಣಗಿಸುತ್ತಿದ್ದವರು. 'ಸೀಬರ್ಡ್ ನಿರಾಶ್ರಿತರು' ಎನ್ನುವುದು ಕಾರವಾರದಲ್ಲಿ ಒಂದು ಜಾತಿಯ ಹೆಸರಿನಷ್ಟೇ ಸಹಜವಾಗಿ ಬಳಕೆಯಲ್ಲಿದೆ. ಪರಿಹಾರದ ಮೊತ್ತಕ್ಕಾಗಿ ಕೋರ್ಟು ಹತ್ತಿದವರ ಮೊಕದ್ದಮೆಗಳು ದಶಕಗಳ ಕಾಲ ನಡೆದವು. ಕೆಲವರ ಮನೆಯಲ್ಲಿ ದಾವೆ ಹಾಕಿದವರು ಹೋಗಿ ಮಕ್ಕಳು ಚೆಕ್ ಪಡೆದರು. ನೆಲೆಯ ಸುತ್ತಲಿನ ನೀರಿಗೆ ಮೀನುದೋಣಿಗಳು ಇಳಿಯುವಂತಿಲ್ಲ, ಬಳಸಿಕೊಂಡು ಹೋಗಬೇಕು.

2008ರ ನವೆಂಬರ್‌ನಲ್ಲಿ ಹತ್ತು ಮಂದಿ ಕೊಲೆಗಡುಕರು ಗುಜರಾತಿನ ಒಂದು ಮೀನುದೋಣಿಯನ್ನೇ ಅಪಹರಿಸಿಕೊಂಡು ಮುಂಬೈಗೆ ಬಂದರು. ಆಗ ದೆಹಲಿಗೆ ಮೀನುಗಾರರ ನೆನಪಾಯಿತು. ಕರಾವಳಿಯುದ್ದಕ್ಕೂ ಅವರಿಗೆ ಬಯೋಮೆಟ್ರಿಕ್ ಗುರುತಿನ ಚೀಟಿ ಬಂತು, ಕರಾವಳಿ ಕಾವಲು ಪೊಲೀಸರು ದಡಕ್ಕೆ ಬಂದು ಸಭೆ ನಡೆಸಿದರು. ಅಪರಿಚಿತ ದೋಣಿ ಕಂಡರೆ ಕೂಡಲೇ ತಿಳಿಸಿ, ಸಮುದ್ರದ ಮೇಲೆ ನೀವೇ ನಮ್ಮ ಕಣ್ಣು, ನೀವೇ ಕಿವಿ ಎಂದರು. ದಡ ಬಿಟ್ಟು ಹೋಗಿ ಎಂದು ಅದೇ ಕರಾವಳಿಯ ಜನರಿಗೆ ನೋಟಿಸು ಕೊಟ್ಟು ಆಗ ಸುಮಾರು ಇಪ್ಪತ್ತು ವರ್ಷವಾಗಿತ್ತು.